ಯತೀಶನ ಹದಿನಾಲ್ಕನೇ ಅಧ್ಯಾಯ

ಎರಡು ಸಾವಿರದ ಏಳರಲ್ಲಿ ತುಮಕೂರಿನ ನಮ್ಮ ಷೇರು ಆಫೀಸಿನಲ್ಲಿ ಯತೀಶನಷ್ಟು ದುಡಿಯುವವನು ಇನ್ನೊಬ್ಬನಿರಲಿಲ್ಲ. ಎರಡು ಕಿವಿಗೂ ಎರಡು ಫೋನು ಒತ್ತಿಕೊಂಡು, ಗುಬ್ಬಿಯ ಕೊಬ್ಬರಿ ವ್ಯಾಪಾರಿಗೆ "ಈಗ ಮಾರ್ಬೇಡಿ ಸಾರ್" ಎಂದು, ಅದೇ ಉಸಿರಿನಲ್ಲಿ ಕುಣಿಗಲ್ಲಿನಲ್ಲಿ ಟೀಚರಾಗಿದ್ದ ಹೆಂಡತಿಗೆ "ಭಾನುವಾರ ಗ್ಯಾರಂಟಿ ಬರ್ತೀನಿ ಕಣೇ" ಎಂದು ಹೇಳುತ್ತಿದ್ದ. ಭಾನುವಾರವೂ ಮ್ಯಾನೇಜರು ಕರೆಸುತ್ತಿದ್ದರು. ಮೆಸ್ಸಿನ ಊಟದ ಡಬ್ಬಿ ಎಷ್ಟೋ ದಿನ ತೆರೆಯದೆಯೇ ವಾಪಸ್ಸಾಗುತ್ತಿತ್ತು. ಇಷ್ಟರ ನಡುವೆಯೂ ಅವನು ಕೆಟ್ಟುಹೋದ ಅರ್ಜಿ ಫಾರಂಗಳ ಹಿಂಬದಿಯಲ್ಲಿ ಒಂದು ಕಾದಂಬರಿ ಬರೆಯುತ್ತಿದ್ದ. ಅವನು ಕಾಣದ ಮುಂಬೈಯ, ಹೂಡಿಕೆ ಬ್ಯಾಂಕೊಂದರ ಹುಡುಗರ ಕಥೆ. ಅದರಲ್ಲೊಬ್ಬ ಟೈ ಕಟ್ಟಿಕೊಂಡೇ ಸ್ನಾನ ಮಾಡುತ್ತಿದ್ದ, ಇನ್ನೊಬ್ಬ ಮದುವೆ ಮಂಟಪದಲ್ಲಿ ತಾಳಿ ಹಿಡಿದು, "ಮೇಲಿನವರ ಒಪ್ಪಿಗೆ ಬಂತಾ?" ಎಂದು ಕೇಳಿದ್ದ. ಟೀ ಹೊತ್ತಿಗೆ ಅವನು ಓದಿದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಒಂದು ಗುರುವಾರ, ನಾಯಕ ಮನೆಗೆ ಹೋಗುವ ಹದಿನಾಲ್ಕನೇ ಅಧ್ಯಾಯ ಬಂತು. "ಹೆಂಡತಿ ಬಾಗಿಲು ತೆಗೆದಳು" ಎಂದು ಓದಿ ನಿಲ್ಲಿಸಿಬಿಟ್ಟ. "ಆಮೇಲೆ ಏನಂದ್ಲು ಕಣೋ?" ಎಂದೆ. "ಗೊತ್ತಿಲ್ಲ ಸಾರ್. ಮೂರು ತಿಂಗಳಿಂದ ಬರೀ ದನಿ ಕೇಳ್ತಿದೀನಿ. ಬಾಗಿಲು ತೆಗೆಯೋವಾಗ ಅವಳ ಮುಖ ಹೆಂಗಿರುತ್ತೆ ಅಂತ ನೆನಪೇ ಆಗ್ತಿಲ್ಲ" ಎಂದ. ಒಳಗಿನಿಂದ ಮ್ಯಾನೇಜರು ಕೂಗಿದರು. ಅವನು ಅವರ ಎದುರಿನಿಂದಲೇ ನಡೆದುಹೋಗಿ ಕುಣಿಗಲ್ ಬಸ್ಸು ಹತ್ತಿದ. ಮರುದಿನ ಬಂದಾಗ ಆ ಪುಟ ಪೂರ್ತಿ ತುಂಬಿತ್ತು. "ಓದೋ" ಎಂದೆವು. "ಇದೊಂದು ಓದಲ್ಲ, ಬುಡಿ ಸಾರ್" ಎಂದು ಮಡಚಿ ಜೇಬಿನಲ್ಲಿಟ್ಟುಕೊಂಡ.