ಸಾಹೇಬರ ಎರಡು ನಡೆ

ಮೊನ್ನೆ ಆಧಾರ್ ಕಾರ್ಡಿನ ನಕಲು ತೆಗೆಸಲು ನಂಜನಗೂಡಿನ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಹದಿನೆಂಟು ವರ್ಷ ಜೆರಾಕ್ಸ್ ಅಂಗಡಿ ಇಟ್ಟುಕೊಂಡೇ ಬದುಕಿದವನು ಇನ್ನೊಬ್ಬರ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುವುದು ಅವಮಾನವೇ ಸರಿ. ಅಂಗಡಿಯ ಹೆಂಗಸು ಯಂತ್ರದಿಂದ ಹಾಳೆ ಎಳೆದು ಕೈಗೆ ಕೊಟ್ಟರು. ಇನ್ನೂ ಬಿಸಿಯಾಗಿತ್ತು. ಕಾದ ಕಾಗದದ, ಸುಟ್ಟ ಶಾಯಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸರ್ವೆಯರ್ ಸಾಹೇಬರು ಪಕ್ಕದಲ್ಲಿ ಬಂದು ನಿಂತಂತಾಯಿತು. ಚಳಿಗಾಲದ ಬೆಳಿಗ್ಗೆ ಅವರು ಯಾರದೋ ಪಹಣಿಯ ನಕಲನ್ನು ಕೈಗೆತ್ತಿಕೊಂಡು, ಬಿಸಿ ಆರುವವರೆಗೂ ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಆಮೇಲೆ ಅದರ ಒಡೆಯನಿಗೆ ಕೊಡುತ್ತಿದ್ದರು. ಒಡೆಯ ಕಾಯಬೇಕಿತ್ತು.

ನನ್ನ ಅಂಗಡಿ ಇದ್ದದ್ದು ತಿ. ನರಸೀಪುರದಲ್ಲಿ, ತಾಲ್ಲೂಕು ಕಚೇರಿಯ ಎದುರು. ಸಾಹೇಬರು ಮೂವತ್ತು ಚಿಲ್ಲರೆ ವರ್ಷ ಹೊಲಗದ್ದೆಗಳಲ್ಲಿ ಸರಪಳಿ ಎಳೆದು ಅಳತೆ ಮಾಡಿ ನಿವೃತ್ತರಾದವರು. ನಿವೃತ್ತಿಯ ಮರುದಿನವೂ ಹತ್ತು ಗಂಟೆಗೆ ಸರಿಯಾಗಿ ಕೊಡೆ ಹಿಡಿದು ಕಚೇರಿಗೆ ಬಂದುಬಿಟ್ಟರಂತೆ. ಗೇಟಿನ ಹತ್ತಿರ ನೆನಪಾಯಿತು. ವಾಪಸು ಹೋದರೆ ನೋಡಿದವರು ಏನೆಂದುಕೊಳ್ಳುತ್ತಾರೋ ಎಂದು ನನ್ನ ಅಂಗಡಿಗೆ ನುಗ್ಗಿದರು. ಬೇಡದಿದ್ದರೂ ಯಾವುದೋ ಕಾಗದದ ನಕಲು ತೆಗೆಸಿದರು. ಆಮೇಲೆ ಆರು ವರ್ಷ ನನ್ನ ಅಂಗಡಿಯ ಸ್ಟೂಲಿನಿಂದ ಏಳಲಿಲ್ಲ.

ಅವರಿಂದ ನನಗೇನೂ ನಷ್ಟವಿರಲಿಲ್ಲ. ಹಳೆಯ ನಕ್ಷೆ ಹಿಡಿದು ಬರುವ ರೈತರಿಗೆ ಅವರು ಕಣ್ಣು ಕಿರಿದು ಮಾಡಿ ಗಡಿ ಓದಿ ಹೇಳುತ್ತಿದ್ದರು. ತಮ್ಮ ಅಳತೆಯಲ್ಲಿ ಒಂದಿಂಚು ತಪ್ಪು ಕಂಡವರು ಇಡೀ ತಾಲ್ಲೂಕಿನಲ್ಲಿ ಇಲ್ಲ ಎಂದು ದಿನಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಅದು ನಿಜವೂ ಆಗಿತ್ತು. ಅವರು ಗಡಿಗೆ ನೆಡಿಸಿದ ಬಾಂದು ಕಲ್ಲಿನ ವಿಷಯಕ್ಕೆ ಕೋರ್ಟಿಗೆ ಹೋದವರು ಸುತ್ತಿ ಸುತ್ತಿ ಅದೇ ಕಲ್ಲಿನ ಹತ್ತಿರಕ್ಕೆ ಬಂದು ನಿಲ್ಲುತ್ತಿದ್ದರು. ಇನ್ನೊಬ್ಬರಿಗೆ ಆಸ್ತಿ, ಮನೆ ಇದ್ದ ಹಾಗೆ ಅವರಿಗೆ ಆ ಹೆಸರೊಂದು ಇತ್ತು.

ಚೆಸ್ ನಮ್ಮಿಬ್ಬರನ್ನು ಗಂಟು ಹಾಕಿತು. ಗಂಟು ಎಂದರೆ ಜಗಳದ ಗಂಟು. ನನಗೆ ಕುದುರೆ ಹೇಗೆ ನೆಗೆಯುತ್ತದೆ ಎನ್ನುವುದಕ್ಕಿಂತ ಹೆಚ್ಚು ಆಟ ಗೊತ್ತಿರಲಿಲ್ಲ, ಆದರೆ ನನ್ನ ಹತ್ತಿರ ಫೋನಿತ್ತು. ದೂರದ ಯಾವುದೋ ದೇಶದಲ್ಲಿ ದೊಡ್ಡ ಪಂದ್ಯ ನಡೆಯುತ್ತಿದ್ದರೆ ಫೋನಿನಲ್ಲಿ ಒಂದೊಂದು ನಡೆಯೂ ಆ ಕ್ಷಣಕ್ಕೇ ಬರುತ್ತಿತ್ತು. ಪಕ್ಕದಲ್ಲಿ ಬಿಳಿ ಕರಿಯ ಒಂದು ಪಟ್ಟಿ. ಯಾರು ಮೇಲುಗೈ ಎಂದು ಕಂಪ್ಯೂಟರ್ ಎಂಜಿನ್ನು ಲೆಕ್ಕ ಹಾಕಿದ ಹಾಗೆಲ್ಲ ಆ ಪಟ್ಟಿ ಏರುತ್ತಿತ್ತು, ಇಳಿಯುತ್ತಿತ್ತು. ಸಾಹೇಬರಿಗೆ ಕಣ್ಣಿನ ಪೊರೆ. ಫೋನಿನ ಪುಟ್ಟ ಕಾಯಿಗಳು ಕಾಣುತ್ತಿರಲಿಲ್ಲ. ಅದಕ್ಕೇ ಮೂರು ಕಾಗದದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ದೊಡ್ಡ ಚೆಸ್ ಬೋರ್ಡು ಇಟ್ಟೆವು. ಫೋನು ನೋಡಿ ಕಾಯಿ ನಡೆಸುವವನು ನಾನು. ಬೋರ್ಡು ನೋಡಿ ಯೋಚನೆ ಮಾಡುವವರು ಅವರು.

ಬೋರ್ಡು ಇಡುವುದಕ್ಕೂ ಅವರದೊಂದು ಶಾಸ್ತ್ರವಿತ್ತು. ಮೊದಲು ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದು 'ಉ' ಎಂದು ಗುರುತು ಹಾಕುವರು. ಉತ್ತರ ದಿಕ್ಕು ಗೊತ್ತಾಗದೆ ಯಾವ ನಕ್ಷೆಯನ್ನೂ ನೋಡಬಾರದಂತೆ. ಕರಿ ಕಾಯಿ ಉತ್ತರಕ್ಕೆ, ಬಿಳಿ ದಕ್ಷಿಣಕ್ಕೆ. ಅರವತ್ತನಾಲ್ಕು ಮನೆಗಳೂ ಅರವತ್ತನಾಲ್ಕು ಸರ್ವೆ ನಂಬರುಗಳು. ಫೋನಿನಲ್ಲಿ 'ಇ ನಾಲ್ಕು' ಎಂದು ಬಂದರೆ ಅದನ್ನು ಅವರ ನಂಬರಿಗೆ ತಿರುಗಿಸುವಷ್ಟರಲ್ಲಿ ನನಗೆ ತಲೆ ಕೆಟ್ಟು ಹೋಗುತ್ತಿತ್ತು. ಕೊನೆಗೆ ಅಕ್ಷರ ಅಂಕಿ ಎರಡನ್ನೂ ಬಿಟ್ಟು, ಫೋನಿನ ಚಿತ್ರ ನೋಡಿಕೊಂಡೇ ಕಾಯಿ ತಳ್ಳಲು ಶುರುಮಾಡಿದೆ.

ಎಂಜಿನ್ನಿನ ಮೇಲೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. "ಪ್ಲಸ್ ಒಂದೂವರೆ ಸಾರ್" ಎಂದು ನಾನು ಓದಿದರೆ, "ಒಂದೂವರೆ ಏನು? ಎಕರೆನಾ, ಗುಂಟೆನಾ?" ಎಂದು ಕೇಳುವರು. ಅವರ ಪ್ರಕಾರ ಅದು ಸ್ಥಳಕ್ಕೇ ಹೋಗದೆ ಆಫೀಸಿನಲ್ಲಿ ಕೂತು ಮಹಜರು ಬರೆಯುವ ನೌಕರ. ನಾನು ಅದರ ಗುಮಾಸ್ತ. ಎದುರಿಗೆ ಎಳನೀರು ಮಾರುತ್ತಿದ್ದ ಅಕ್ಕ ಮಾತ್ರ ಎಂಜಿನ್ನಿನ ಪಕ್ಷ. ಅವರಿಗೆ ಒಂದು ಕಾಯಿಯ ಹೆಸರೂ ಗೊತ್ತಿರಲಿಲ್ಲ. ಗಿರಾಕಿ ಇಲ್ಲದಾಗ ಮಚ್ಚು ಹಿಡಿದುಕೊಂಡೇ ಬಂದು ಫೋನಿನಲ್ಲಿ ಇಣುಕಿ, "ಬಿಳೀದು ಮ್ಯಾಕ್ ಓಯ್ತು ಸಾ, ನಮ್ಮೋನು ಗೆದ್ದ ಅನ್ನಿ" ಎಂದು ತೀರ್ಪು ಕೊಟ್ಟು ಹೋಗುವರು. ಸಾಹೇಬರು ಆ ಮಚ್ಚನ್ನು ನೋಡಿ ಸುಮ್ಮನಾಗುತ್ತಿದ್ದರು.

ಆ ಒಂದು ದಿನ… ಯಾವುದೋ ಅರ್ಜಿಗೆ ಅದೇ ಕೊನೆಯ ದಿನ. ಅಂಗಡಿಯ ತುಂಬ ಜನ. ಒಬ್ಬರಿಗೆ ಕಾರ್ಡಿನ ಎರಡೂ ಬದಿ ಒಂದೇ ಹಾಳೆಯಲ್ಲಿ ಬೇಕು, ಇನ್ನೊಬ್ಬರಿಗೆ ಬೇರೆ ಬೇರೆ ಬೇಕು. ಆ ಗದ್ದಲದ ನಡುವೆ ನಮ್ಮ ದೇಶದ ಆಟಗಾರನೊಬ್ಬ ಬಿಳಿ ಕಾಯಿಯಲ್ಲಿ ಆಡುತ್ತಿದ್ದ. ನಾನು ಒಂದು ಕೈಯಲ್ಲಿ ಜೆರಾಕ್ಸು, ಇನ್ನೊಂದು ಕೈಯಲ್ಲಿ ಚೆಸ್ಸು ಎಂದು ಓಡಾಡುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಸಾಹೇಬರು ಸ್ಟೂಲಿನಿಂದ ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ನೋಡಿ ಜನವೂ ಸುಮ್ಮನಾಯಿತು.

"ರಾಣಿ ಕೊಟ್ಬಿಡ್ಬೇಕು. ಎರಡೇ ನಡೆ. ಆಟ ಮುಗೀತು," ಎಂದರು.

ಬೆರಳಿಟ್ಟು ತೋರಿಸಿದರು. ಬಿಳಿ ರಾಣಿಯನ್ನು ಕರಿ ರಾಜ ನಿಂತ ಕೊನೆಯ ಸಾಲಿಗೆ ನುಗ್ಗಿಸಿ ಬಲಿ ಕೊಡಬೇಕು. ಕರಿ ಆನೆ ಅದನ್ನು ಹೊಡೆಯದೆ ವಿಧಿಯಿಲ್ಲ. ಹೊಡೆದ ಆ ಆನೆಯನ್ನು ಬಿಳಿ ಆನೆ ಹೊಡೆದು ಅಲ್ಲೇ ನಿಂತರೆ ರಾಜ ಸಿಕ್ಕಿಬಿದ್ದ, ಏಕೆಂದರೆ ಅವನ ಮುಂದೆ ಅವನದೇ ಮೂರು ಸಿಪಾಯಿಗಳು ಗೋಡೆ ಕಟ್ಟಿ ನಿಂತಿದ್ದಾರೆ, ಓಡಲು ಒಂದು ಕಿಟಕಿಯೂ ಇಲ್ಲ. ಇಷ್ಟನ್ನೂ ಅವರು ಗಡಿ ಗುರುತಿಸಿ ಹೇಳುವ ಗಂಭೀರ ದನಿಯಲ್ಲಿ ಹೇಳಿದರು. ಅವರ ಜಾಗಕ್ಕೆ ಬಂದಿದ್ದ ಹೊಸ ಸರ್ವೆಯರ್ ಕೂಡ ಅಲ್ಲೇ ಇದ್ದ. ಉಪಗ್ರಹ ನೋಡಿ ಜಮೀನು ಅಳೆಯುವ ಹೊಸ ಯಂತ್ರದವನು. ಸಾಹೇಬರು ಅವನ ಕಡೆ ನೋಡಿಕೊಂಡೇ ಹೇಳಿದರು ಎಂದು ನನಗೆ ಅನುಮಾನ.

ನಾನು ಆ ನಡೆಯನ್ನು ಫೋನಿನಲ್ಲಿ ಎಂಜಿನ್ನಿಗೆ ಕೊಟ್ಟೆ. ಬಿಳಿ ಪಟ್ಟಿ ಒಮ್ಮೆಗೇ ಕುಸಿದು ಕರಿಯಾಯಿತು. ನಡೆಯ ಪಕ್ಕದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ, ಎಂದರೆ ಮಹಾ ತಪ್ಪು.

"ಮೈನಸ್ ಎಂಟು ಸಾರ್! ರಾಣೀನ ಧರ್ಮಕ್ಕೆ ದಾನ ಕೊಟ್ಟಂಗಾಯ್ತು," ಎಂದೆ. ಜನ ನಕ್ಕಿತು. ಹೊಸ ಸರ್ವೆಯರ್ ಮೆಲ್ಲಗೆ, "ಚೈನು ಹಳೇದಾಯ್ತೇನೋ ಸಾರ್" ಎಂದ. ಅಂಗಡಿ ಇನ್ನೊಮ್ಮೆ ನಕ್ಕಿತು.

ಸಾಹೇಬರು ನಗಲಿಲ್ಲ. "ಇನ್ನೊಂದ್ಸಲ ನೋಡಿ ಜೆರಾಕ್ಸೋರೇ. ಸರಿಯಾಗ್ ನೋಡಿ," ಎಂದರು.

ಆಗ ನಾನು ಒಂದು ಮಾತು ಹೇಳಿದೆ. ಆರು ವರ್ಷ ಗುಮಾಸ್ತ ಎನ್ನಿಸಿಕೊಂಡ ಉರಿ ಒಳಗೆ ಎಲ್ಲೋ ಇತ್ತೆಂದು ಕಾಣುತ್ತದೆ. "ಮೆಷೀನಿಗೇನು ಕಣ್ಣಿಗೆ ಪೊರೆ ಬಂದಿಲ್ಲ ಬಿಡಿ ಸಾರ್" ಎಂದೆ. ಈ ಸಲ ಜನ ಅಷ್ಟಾಗಿ ನಗಲಿಲ್ಲ. ಸಾಹೇಬರು ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು, ಬಿಸಿಲು ಇಲ್ಲದಿದ್ದರೂ ಬಿಚ್ಚಿಕೊಂಡು, ರಸ್ತೆ ದಾಟಿ ಹೊರಟುಹೋದರು. ಪಂದ್ಯ ಡ್ರಾ ಆಯಿತು.

ಸಂಜೆ ಕಾಯಿ ಎತ್ತಿಡಲು ಕೂತಾಗ ಸುಮ್ಮನೆ ಫೋನಿನ ಚಿತ್ರಕ್ಕೂ ಬೋರ್ಡಿಗೂ ತಾಳೆ ನೋಡಿದೆ. ಫೋನಿನಲ್ಲಿ ಬಲತುದಿಯ ಕರಿ ಸಿಪಾಯಿ ಒಂದು ಮನೆ ಮುಂದೆ ಹೋಗಿತ್ತು. ನಾನು ಕೂತದ್ದು ಕರಿ ಕಾಯಿಗಳ ಹಿಂದೆ, ಉತ್ತರದ ಕಡೆ. ಗಡಿಬಿಡಿಯಲ್ಲಿ ನನ್ನ ಬಲಗೈ ಪಕ್ಕದ ಸಿಪಾಯಿಯನ್ನು ತಳ್ಳಿದ್ದೆ. ಫೋನಿನ ಬಲ ನನ್ನ ಎಡವಲ್ಲವೇ! ಪೂರ್ವದ ಸಿಪಾಯಿಯನ್ನು ತಳ್ಳುವ ಬದಲು ಪಶ್ಚಿಮದ್ದನ್ನು ತಳ್ಳಿದ್ದೆ. ನಿಜವಾದ ಆಟದಲ್ಲಿ ರಾಜನಿಗೆ ಕಿಟಕಿ ಇತ್ತು, ನಮ್ಮ ಬೋರ್ಡಿನಲ್ಲಿ ಇರಲಿಲ್ಲ. ಸಾಹೇಬರು ಕಂಡ ಬೋರ್ಡಿನಲ್ಲಿ ಸಾಹೇಬರ ಎರಡು ನಡೆ ನೂರಕ್ಕೆ ನೂರು ಸರಿ.

ಅವರ ಮನೆ ಇದ್ದದ್ದು ಎರಡು ಬೀದಿ ಆಚೆ. ಹೋಗಬಹುದಿತ್ತು. ನಾಳೆ ಬಂದಾಗ ಹೇಳಿದರಾಯಿತು ಎಂದುಕೊಂಡೆ. ನಾಳೆ ಅವರು ಬರಲಿಲ್ಲ. ಅಷ್ಟರಲ್ಲಿ ಕಚೇರಿಯ ಸುತ್ತಮುತ್ತ ಒಂದು ಹೊಸ ಮಾತು ಹುಟ್ಟಿಬಿಟ್ಟಿತ್ತು. ಎರಡೇ ದಿನದಲ್ಲಿ ಖಾತೆ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಕೊಚ್ಚಿಕೊಂಡರೆ, "ಓಹೋ, ಸಾಹೇಬ್ರ ಎರಡು ನಡೆ!" ಎನ್ನುತ್ತಿದ್ದರು. ನನ್ನ ಅಂಗಡಿಯಲ್ಲೇ, ನನ್ನೆದುರಿಗೇ ಅನ್ನುತ್ತಿದ್ದರು. ನಾನು ಯಂತ್ರದ ಮುಚ್ಚಳ ತೆರೆದು ಒಳಗೆ ಏನೋ ರಿಪೇರಿ ಇರುವವನಂತೆ ತಲೆ ಹಾಕುತ್ತಿದ್ದೆ.

ಸಾಹೇಬರು ಕಣ್ಣಿನ ಆಪರೇಷನ್ನಿಗೆಂದು ನಂಜನಗೂಡಿನ ಮಗಳ ಮನೆಗೆ ಹೋದರು, ಅಲ್ಲೇ ಉಳಿದರು ಎಂದು ಸುದ್ದಿ ಬಂತು. ಒಂದು ತಿಂಗಳು ಯಂತ್ರ ಕೆಟ್ಟಿತ್ತು, ಹೋಗಲಾಗಲಿಲ್ಲ. ಇನ್ನೊಂದು ತಿಂಗಳು ಯಂತ್ರ ಸರಿಯಾಗಿತ್ತು, ಆಗಲೂ ಹೋಗಲಾಗಲಿಲ್ಲ. ಹೀಗೇ ಎಂಟು ತಿಂಗಳು ಕಳೆದ ಮೇಲೆ, ಕೊನೆಗೆ ಎಳನೀರಿನ ಅಕ್ಕನೇ ಒಂದು ದಿನ ಕೇಳಿದರು. "ಆ ದೊಡ್ಡೋರು ಬತ್ತಾನೇ ಇಲ್ವಲ್ಲ ಸಾ. ನೀವ್ ಕಣ್ಣಿನ್ ಇಸ್ಯ ಅಂದಿದ್ದು ನಾನೂ ಕೇಳುಸ್ಕಂಡೆ. ಓಗಿ ಮಾತಾಡುಸ್ಕಂಡ್ ಬನ್ನಿ." ಅವರ ಕೈಯಲ್ಲಿ ಆಗಲೂ ಮಚ್ಚಿತ್ತು.

ಹೋದೆ, ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು. ಸಾಹೇಬರು ಜಗಲಿಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಇಳಿದುಹೋಗಿದ್ದರು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಪೂರ್ವ, ಪಶ್ಚಿಮ, ಸಿಪಾಯಿ, ಕಿಟಕಿ. ಅವರು ಪೂರ್ತಿ ಕೇಳಿದರು.

"ಗೊತ್ತು," ಎಂದರು.

"ಯಾವಾಗಿಂದ ಸಾರ್?"

"ಅವತ್ತು ಮನೆ ತಲುಪೋವಷ್ಟ್ರಲ್ಲೇ. ಮೆಷೀನು ಸುಳ್ ಹೇಳಲ್ಲ. ನಾನೂ ತಪ್ ಅಳೆಯೋನಲ್ಲ. ಇಬ್ರದೂ ಸರಿ ಅಂದ್ರೆ ನಾವು ಅಳೆದ ಜಮೀನೇ ಬೇರೆ ಬೇರೆ. ಅಂದ್ರೆ ಮಧ್ಯದಲ್ಲಿ ಯಾರೋ ಕಲ್ಲು ಜರುಗಿಸವ್ರೆ. ಮಧ್ಯದಲ್ಲಿ ಇದ್ದೋರು ನೀವೊಬ್ರೇ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾನ್ ಹೇಳಿದ್ರೆ ಅದು ದೂರು ಆಗ್ತದೆ ಕಣ್ರೀ. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ."

ಆಮೇಲೆ ಬೋರ್ಡು ಬಿಡಿಸಿ, ಆ ದಿನದ ತಪ್ಪು ಸಿಪಾಯಿಯ ಸಮೇತ ಕಾಯಿ ಜೋಡಿಸಿ, ಅದೇ ಸ್ಥಿತಿಯನ್ನು ಫೋನಿಗೂ ಕೊಟ್ಟೆ. ಎಂಜಿನ್ನು ಕಣ್ಣು ಮಿಟುಕಿಸುವುದರೊಳಗೆ 'ಎರಡು ನಡೆಯಲ್ಲಿ ಚೆಕ್‌ಮೇಟ್' ಎಂದು ತೋರಿಸಿತು. ಸಾಹೇಬರು ಕಪ್ಪು ಕನ್ನಡಕ ತೆಗೆದು, ಜೀವನದಲ್ಲಿ ಮೊದಲ ಸಲ ಅದರ ಮುಖ ನೋಡಿದರು. "ಪರವಾಗಿಲ್ಲ. ಸ್ಥಳಕ್ಕೆ ಕರ್ಕೊಂಡ್ ಬಂದ್ರೆ ಕೆಲಸ ಮಾಡ್ತದೆ" ಎಂದರು. ಆಮೇಲೆ ಶುರುವಾಯಿತು ನೋಡಿ ಅವರ ಅಧಿಕಾರ. ಇದರ ಒಂದು ಪ್ರಿಂಟು ತೆಗೆದು ಅಂಗಡಿಯ ಮುಂದೆ ಅಂಟಿಸಬೇಕು. ಉತ್ತರದ ಬಾಣ ಇರಲೇಬೇಕು. ಕೆಳಗೆ 'ದೃಢೀಕೃತ ನಕಲು' ಎಂದು ಬರೆಯಬೇಕು. ದೃಢೀಕರಿಸುವವರು ಯಾರು ಎಂದೆ. "ಕಲ್ಲು ಜರುಗಿಸ್ದೋರೇ" ಎಂದರು.

ಅಂಟಿಸಿದೆ. 'ಸಾಹೇಬರ ಎರಡು ನಡೆ ಸರಿ, ಕಾಯಿ ತಪ್ಪಿಸಿದವನು ನಾನು' ಎಂದು ಬರೆದು ಕೆಳಗೆ ಸಹಿ ಹಾಕಿದೆ. ಜನ ಎರಡು ದಿನ ನನ್ನನ್ನು ನೋಡಿ ನಕ್ಕರು. ಹೊಸ ಸರ್ವೆಯರ್ ಬಂದು, ನಿಧಾನವಾಗಿ ಓದಿ, ತನಗೂ ಒಂದು ನಕಲು ಬೇಕೆಂದು ಕೇಳಿ ತೆಗೆದುಕೊಂಡು ಹೋದ. ಇದನ್ನೆಲ್ಲ ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. "ಸೋಮವಾರ ಬತ್ತೀನಿ. ನೆಟ್ಟಗೆ ಅಂಟ್ಸಿದ್ದೀರೋ ಇಲ್ವೋ ನೋಡ್ಬೇಕು" ಎಂದರು. ಸೋಮವಾರ ಬರಲಿಲ್ಲ, ಕಣ್ಣಿನಲ್ಲಿ ನೀರು ಬರುತ್ತಿದೆ ಎಂದರು. ಮುಂದಿನ ಸೋಮವಾರ ಮಳೆ. ಅದರ ಮುಂದಿನ ವಾರ ಎಂದರು… ಆಮೇಲೆ ಒಂದು ಬೆಳಿಗ್ಗೆ ಅವರ ನಂಬರಿನಿಂದ ಮಗಳು ಮಾತಾಡಿದರು.

ಈಗ ನನ್ನ ಅಂಗಡಿಯೂ ಇಲ್ಲ. ಕಾಗದವೆಲ್ಲ ಜನರ ಮೊಬೈಲಿಗೇ ಬರತೊಡಗಿದ ಮೇಲೆ ಮುಚ್ಚಿದೆ. ದೊಡ್ಡ ಪಂದ್ಯವಿದ್ದಾಗ ಇಂದಿಗೂ ಫೋನು ಹಿಡಿದು ಕೂರುತ್ತೇನೆ. ಎಂಜಿನ್ನು ಒಂದೂವರೆ ಎಂದರೆ ಒಂದೂವರೆ, ಸೊನ್ನೆ ಎಂದರೆ ಸೊನ್ನೆ. ಅದು ಸರಿಯೇ ಇರಬೇಕು, ಅಲ್ಲವೆನ್ನಲು ಮನೆಯಲ್ಲಿ ಯಾರೂ ಇಲ್ಲ. ಸಾಹೇಬರು ಇದ್ದಿದ್ದರೆ ಎನ್ನಿಸುತ್ತದೆ, ತುಂಬಾ ಎನ್ನಿಸುತ್ತದೆ. ಅವರ ಸಾವು ನನ್ನ ಕೈಯಲ್ಲಿರಲಿಲ್ಲ. ಆದರೆ ಅದಕ್ಕೆ ಮೊದಲು ಎಂಟು ತಿಂಗಳು ಅವರು ಆ ಜಗಲಿಯ ಮೇಲೆ ಕೂತು ನನಗಾಗಿ ಕಾದಿದ್ದರು. ನರಸೀಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.