ದೊಡ್ಡ ಕತ್ತರಿಯ ನೇರಳೆ ದೀಪ

ಎರಡು ಕುರ್ಚಿಯ ಆ ಕ್ಷೌರದಂಗಡಿಯಲ್ಲಿ ಬಾಗಿಲ ಕಡೆಯ ಕುರ್ಚಿ ಭಾವನದು, ಗೋಡೆ ಕಡೆಯದು ಭಾವಮೈದುನನದು. ಬೀದಿಯವರ ಬಾಯಲ್ಲಿ ಭಾವ ದೊಡ್ಡ ಕತ್ತರಿ, ಭಾವಮೈದುನ ಚಿಕ್ಕ ಕತ್ತರಿ. ಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ಕಮ್ಮಿಯಿಲ್ಲ. ಮಾತಿನ ವಿಷಯಕ್ಕೆ ಬಂದರೆ ಮಾತ್ರ ಚಿಕ್ಕ ಕತ್ತರಿಯೇ ದೊಡ್ಡದು. ಯಾರ ಮನೆಯ ನಾಯಿ ಯಾರನ್ನು ಕಚ್ಚಿತು, ಕಚ್ಚಿಸಿಕೊಂಡವರಿಗೆ ಅಷ್ಟು ಹೊತ್ತಿನಲ್ಲಿ ಆ ಮನೆಯ ಹಿತ್ತಲಲ್ಲಿ ಏನು ಕೆಲಸವಿತ್ತು ಎಂದು ಶುರುವಾದ ಕಥೆ, ಒಂದು ತಲೆ ಎದ್ದು ಇನ್ನೊಂದು ತಲೆ ಕೂತರೂ ಮುಗಿಯುತ್ತಿರಲಿಲ್ಲ. ಕೊನೆ ಕೇಳಿಕೊಂಡೇ ಹೋಗೋಣವೆಂದು, ಕ್ಷೌರ ಮುಗಿದ ಮೇಲೂ ಬೆಂಚು ಬಿಡದ ಗಿರಾಕಿಗಳಿದ್ದರು.

ದೊಡ್ಡ ಕತ್ತರಿಗೆ ಮಾತು ಕಮ್ಮಿ. ಅವನ ಧ್ಯಾನವೆಲ್ಲ ಕಿವಿಗಳ ಮೇಲೆ. ಮೀಸೆ ಮೂಡುವ ಮೊದಲೇ ಅಪ್ಪನ ಪಕ್ಕದಲ್ಲಿ ನಿಂತು ಕಿವಿಗಳ ಸುತ್ತ ಕತ್ತರಿ ಆಡಿಸಿದವನು, ಹೀಗಾಗಿ ಜನರ ಮುಖಕ್ಕಿಂತ ಕಿವಿಯ ಪರಿಚಯವೇ ಹೆಚ್ಚು. ಬೀದಿಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ತಬ್ಬಿಬ್ಬಾಗುತ್ತಿದ್ದ. ಅವರು ತಿರುಗಿ ಹೊರಟ ಮೇಲೆ ಕಿವಿ ಕಂಡು, "ಓ, ನೀವಾ!" ಎಂದು ಹಿಂದಿನಿಂದ ಕೂಗುತ್ತಿದ್ದ. ಹೆಂಡತಿ ಹೊಸ ಓಲೆ ಹಾಕಿಕೊಂಡರೆ ಆ ಕ್ಷಣವೇ ಗುರುತಿಸುವ ಗಂಡ ಆ ಬೀದಿಗೆಲ್ಲ ಅವನೊಬ್ಬನೇ. ಅವಳು ತರಲು ಹೇಳಿದ ಸಾಮಾನು ಮಾತ್ರ ಒಂದು ದಿನವೂ ಅವನ ಕಿವಿಗೆ ಬೀಳಲಿಲ್ಲ.

ಹೀಗೆ ಹೊರಗಿನಿಂದ ಕಿವಿ ನೋಡಿಕೊಂಡಿದ್ದವನ ತಲೆ ಕೆಡಿಸಿದವರು ಹಲ್ಲಿನ ಡಾಕ್ಟರು. ಅವರು ಒಂದು ಸಂಜೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡೇ ಬಂದು ಕುರ್ಚಿಯಲ್ಲಿ ಕೂತರು.

"ಸಾರ್, ಇದನ್ನ ತೆಗೀದೆ ನಾನು ಕಿವಿ ಹತ್ರ ಹೇಗೆ ಬರ್ಲಿ?"

"ಒಂದ್ನಿಮಿಷ ಇರ್ರಿ, ಪಿಟೀಲು ಮುಗೀಲಿ. ಬೆಳಿಗ್ಗೆಯಿಂದ ಹಲ್ಲು ಕೊರೆಯೋ ಸದ್ದು ಕೇಳಿ ಸಾಕಾಗಿದೆ," ಎಂದ ಡಾಕ್ಟರು, ಏನೆನ್ನಿಸಿತೋ, ಹೆಡ್‌ಫೋನ್ ತೆಗೆದು ಅವನ ಕಿವಿಗೇ ಹಾಕಿಬಿಟ್ಟರು.

ದೊಡ್ಡ ಕತ್ತರಿ ಬಾಚಣಿಗೆ ಹಿಡಿದ ಕೈಯನ್ನು ಗಾಳಿಯಲ್ಲೇ ಮರೆತು ನಿಂತ. ಕಮಾನು ತಂತಿಗೆ ಉಜ್ಜುವುದು ಕೇಳಿಸಿತು. ನುಡಿಸುವವನು ಉಸಿರು ಎಳೆದುಕೊಂಡಿದ್ದು ಕೇಳಿಸಿತು. ಪಿಟೀಲು ಅಂಗಡಿಯ ಒಳಗೇ ಎಲ್ಲೋ ಪೌಡರ್ ಡಬ್ಬಿಯ ಪಕ್ಕದಲ್ಲಿದೆ ಎನ್ನಿಸಿ ತಿರುಗಿಯೂ ನೋಡಿದ.

ಡಾಕ್ಟರು ವಿವರಿಸಿದರು. "ಸಾಮಾನ್ಯವಾಗಿ ಹಾಡನ್ನ ಫೋನಿಗೆ ಕಳಿಸುವಾಗ ತುದಿ ಕತ್ತರಿಸಿ ಚಿಕ್ಕದು ಮಾಡಿ ಕಳಿಸ್ತಾರೆ. ಕತ್ತರಿಸದೆ ಪೂರ್ತಿ ಕಳಿಸೋ ಕಂಪನಿಗಳೂ ಇವೆ. ಅದನ್ನ ಪೂರ್ತಿಯಾಗಿ ಕೇಳ್ಬೇಕು ಅಂದ್ರೆ ಫೋನಿನ ಹೊರಗೊಂದು ಪೆಟ್ಟಿಗೆ ಬೇಕು. ಡ್ಯಾಕ್ ಅಂತಾರೆ. ಫೋನಲ್ಲಿರೋ ಅಂಕಿಗಳನ್ನ ಸದ್ದು ಮಾಡಿಕೊಡುತ್ತೆ."

ದೊಡ್ಡ ಕತ್ತರಿಗೆ ಪೆಟ್ಟಿಗೆಯ ವಿಚಾರ ಆಮೇಲೆ ತಲೆಗೆ ಹೋಯಿತು. ಮೊದಲು ಬಂದದ್ದು ಸಿಟ್ಟು. "ಕೇಳ್ದೆ ತುದಿ ಕತ್ತರಿಸೋದಾ? ನಾನು ಹಾಗೆ ಮಾಡಿದ್ರೆ ಗಿರಾಕಿ ಸುಮ್ನಿರ್ತಾರಾ?"

ಅವನು ದುಡ್ಡು ಕೊಟ್ಟು ತರಿಸಿದ, ಸೋಪಿನ ಡಬ್ಬಿಯಷ್ಟಿದ್ದ ಪೆಟ್ಟಿಗೆ ಬಂತು. ಅದರ ನೆತ್ತಿಯ ಮೇಲೆ ಒಂದು ಪುಟ್ಟ ದೀಪ. ಕೆಂಪು ಅಂದರೆ ಬರೀ ಕರೆಂಟು ಇದೆ ಎಂದರ್ಥ, ಹಸಿರು ಅಂದರೆ ಸಾಮಾನ್ಯ ಹಾಡು, ನೇರಳೆ ಅಂದರೆ ಒಂದೆಳೆಯೂ ಕತ್ತರಿಸದ ಹಾಡು. ದೊಡ್ಡ ಕತ್ತರಿ ಅದನ್ನು ಕನ್ನಡಿಯ ಕೆಳಗಿಟ್ಟು, ಒಂದು ಕಡೆ ಫೋನಿಗೂ ಇನ್ನೊಂದು ಕಡೆ ಗೋಡೆಯ ಮೇಲಿನ ಹಳೆ ಸ್ಪೀಕರುಗಳಿಗೂ ವೈರು ಎಳೆದ. ಹಾಡು ಹಾಕಿ ಕಣ್ಣು ಮುಚ್ಚಿದ.

"ಆಹಾ! ಏನು ಸ್ಪಷ್ಟ ನೋಡೋ! ಎಂಥಾ ಗಾಂಭೀರ್ಯ!"

ಚಿಕ್ಕ ಕತ್ತರಿ ಬಂದು ಫೋನನ್ನು ಎತ್ತಿ ಭಾವನ ಮೂಗಿನ ಹತ್ತಿರ ಹಿಡಿದ. "ಭಾವ, ಗಾಂಭೀರ್ಯ ಎಲ್ಲಾ ಇದರಿಂದಲೇ ಬರ್ತಿದೆ. ಪೆಟ್ಟಿಗೆ ಇನ್ನೂ ಬಾಯೇ ಬಿಟ್ಟಿಲ್ಲ."

ನಿಜ. ದೀಪ ಕೆಂಪಾಗಿತ್ತು. ಬೆಂಚಿನವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವನು ಹಾಕಿದ್ದು ಮನೆಯಿಂದ ಹೆಂಡತಿಗೆ ಹೇಳದೆ ತಂದ ಚಾರ್ಜರಿನ ವೈರು. ಅದು ಕರೆಂಟು ದಾಟಿಸುತ್ತದೆಯೇ ಹೊರತು ಹಾಡು ದಾಟಿಸುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ವೈರು ಬದಲಾಯಿಸಿದ ಮೇಲೆ ಸ್ಪೀಕರು ಹಾಡಿತು. ದೀಪ ಹಸಿರಾಯಿತು. ಅಲ್ಲಿಗೇ ನಿಂತಿತು.

ಬೇರೆ ಯಾರಾದರೂ ಹಸಿರಿಗೆ ಸಮಾಧಾನ ಪಡುತ್ತಿದ್ದರು. ಇವನು ಪಡಲಿಲ್ಲ. ನೇರಳೆ ಬರುವವರೆಗೆ ಹಸಿರನ್ನಾದರೂ ಸರಿಯಾಗಿ ಕೇಳೋಣವೆಂದು ಮೊದಲು ಫ್ಯಾನು ನಿಲ್ಲಿಸಿದ. ಆಮೇಲೆ ಬೀದಿಯ ಸದ್ದು ಬರುತ್ತದೆಂದು ಬಾಗಿಲು ಮುಚ್ಚಿದ. ಕೂದಲು ಕತ್ತರಿಸುವ ಮೆಷೀನನ್ನು ಡ್ರಾಯರಿಗೆ ಹಾಕಿದ. ಉಳಿದದ್ದು ಭಾವಮೈದುನನ ಬಾಯಿ.

"ಮಾತು ನಿಲ್ಸೋ. ಪಿಟೀಲು ಕೇಳಿಸ್ತಿಲ್ಲ."

"ಭಾವ, ಕಥೆ ಅರ್ಧಕ್ಕೆ ಬಂದಿದೆ."

"ಅರ್ಧದಲ್ಲೇ ಇರ್ಲಿ."

ಬಾಯಿಗೆ ಬೀಗ ಬಿದ್ದ ಚಿಕ್ಕ ಕತ್ತರಿ ಒಂದೆರಡು ದಿನ ಕನ್ನಡಿಯಲ್ಲಿ ಕೈಸನ್ನೆಯಿಂದಲೇ ಕಥೆ ಹೇಳಿದ. ನಾಯಿ ಕಚ್ಚಿದ್ದನ್ನು ಅವನು ಹಲ್ಲು ಕಿರಿದು ಅಭಿನಯಿಸಿದಾಗ ಹೊದಿಕೆಯೊಳಗಿನ ಗಿರಾಕಿ ಬಿದ್ದು ಬಿದ್ದು ನಕ್ಕ. ಮರುದಿನದಿಂದ ನಗುವುದಕ್ಕೂ ತಡೆ ಬಿತ್ತು. ಬೆವರುತ್ತಾ, ಕೆಮ್ಮು ನುಂಗುತ್ತಾ, ಪರೀಕ್ಷೆಗೆ ಕೂತವರ ಹಾಗೆ ಎಷ್ಟು ದಿನ ಕ್ಷೌರ ಮಾಡಿಸಿಕೊಂಡಾರು? ಒಬ್ಬೊಬ್ಬರೇ ಎದುರಂಗಡಿಗೆ ದಾಟಿದರು. ಎದುರಂಗಡಿಯವನು ಕಣ್ಣು ಮುಚ್ಚಿ ಕೂತವನಲ್ಲ. ತನ್ನಲ್ಲಿ ಒಂದು ಕುರ್ಚಿ ಖಾಲಿಯಿದೆ, ಎಷ್ಟು ಬೇಕಾದರೂ ಮಾತಾಡಬಹುದು ಎಂದು ಚಿಕ್ಕ ಕತ್ತರಿಗೆ ಹೇಳಿಕಳಿಸಿದ. ಭಾವನಿಗೆ ಇದು ಗೊತ್ತಾಯಿತು. ಗೊತ್ತಾದರೂ ಹಸಿರು ದೀಪದಿಂದ ಕಣ್ಣು ಕೀಳಲಿಲ್ಲ, ಅಂಥಾ ಹುಚ್ಚು.

ಕೊನೆಗೆ ಡಾಕ್ಟರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದು ಫೋನಿನ ಹೊಟ್ಟೆಯೊಳಗೆ ಕೈ ಹಾಕಿದರು. ಆಗ ಗೋಡೆ ಕಡೆಯ ಕುರ್ಚಿಯಲ್ಲಿ ಮೀಸೆ ಮಾಮ ಕೂತಿದ್ದರು. ಪೊಲೀಸು ಕೆಲಸದಿಂದ ನಿವೃತ್ತರಾದರೂ ಮೀಸೆಯನ್ನು ನಿವೃತ್ತಿ ಮಾಡದವರು. ಚಿಕ್ಕ ಕತ್ತರಿ ಉಸಿರು ಬಿಗಿಹಿಡಿದು ಅದರ ತುದಿಯನ್ನು ತಿದ್ದುತ್ತಿದ್ದ.

"ಸಿಕ್ತು," ಎಂದರು ಡಾಕ್ಟರು. "ಫೋನು ಎಲ್ಲಾ ಹಾಡನ್ನೂ ತನ್ನ ಅಳತೆಗೆ ಇಳಿಸ್ತಿದೆ. ಇಲ್ಲಿ ಒತ್ತಿದ್ರೆ ಹಾಡು ಫೋನಿನ ಮಾತು ಕೇಳ್ದೆ ನೇರ ಪೆಟ್ಟಿಗೆಗೆ ಹೋಗುತ್ತೆ."

ಒತ್ತಿದರು. ಹಾಡು ಫೋನಿನ ಮಾತು ಕೇಳಲಿಲ್ಲ, ಫೋನಿನಲ್ಲಿ ಸದ್ದು ಕಡಿಮೆ ಮಾಡಿಟ್ಟಿದ್ದ ಗುಂಡಿಯ ಮಾತನ್ನೂ ಕೇಳಲಿಲ್ಲ. ಡೋಲು ಬಡಿತವೊಂದು ಪೂರ್ತಿ ಬಲದಲ್ಲಿ ಅಂಗಡಿಯನ್ನೇ ಬಡಿಯಿತು. ಸ್ಪಿರಿಟ್ ಬಾಟಲಿ ಉರುಳಿತು. ಮೀಸೆ ಮಾಮ ಕುರ್ಚಿಯಲ್ಲೇ ಎದ್ದು ಕುಕ್ಕರಿಸಿದರು. ಚಿಕ್ಕ ಕತ್ತರಿಯ ಕೈ ಜಿಗಿಯಿತು, ಎಡಗಡೆಯ ಮೀಸೆ ಹೊದಿಕೆಯ ಮೇಲೆ ಬಂದು ಬಿತ್ತು.

"ಬಂತು! ನೇರಳೆ ಬಂತು!" ದೊಡ್ಡ ಕತ್ತರಿ ಕುಣಿಯುತ್ತಿದ್ದ.

"ಭಾವ, ಇವರ ಮೀಸೆ ಹೋಯ್ತು!"

"ಇರ್ಲಿ ಬಿಡೋ, ಬೆಳೆಯುತ್ತೆ. ದೀಪ ನೋಡು ದೀಪ!"

ಚಿಕ್ಕ ಕತ್ತರಿ ದೀಪ ನೋಡಲಿಲ್ಲ. ಮಾಮನ ಕಾಲು ಹಿಡಿಯುವುದೊಂದು ಬಾಕಿ. ಅಷ್ಟು ಬೇಡಿಕೊಂಡು, ಉಳಿದರ್ಧವನ್ನೂ ತೆಗೆದು ಮುಖ ಸರಿಮಾಡಿ ಕಳಿಸಿದ. ಆಮೇಲೆ ಭಾವನ ಮುಂದೆ ಬಂದು ನಿಂತ.

"ಇವತ್ತಿನವರೆಗೆ ನನ್ನ ಕೈಯಿಂದ ಒಬ್ಬರ ಮೀಸೆ ಹೋಗಿರ್ಲಿಲ್ಲ. ಬಾಯಿ ಮುಚ್ಚು ಅಂದ್ರಿ, ಮುಚ್ಚಿದೆ. ಈಗ ಕೈನೂ ಕೆಡಿಸಿದ್ರಿ. ನಾಳೆ ಬಂದು ನನ್ನ ಸಾಮಾನು ತಗೊಂಡು ಎದುರಂಗಡಿಗೆ ಹೋಗ್ತೀನಿ."

ಮನೆಯಲ್ಲಿ ಹೆಂಡತಿ ತಟ್ಟೆಯನ್ನು ಕುಕ್ಕಿದ ರೀತಿಯಲ್ಲೇ ಸುದ್ದಿ ಮುಟ್ಟಿದೆಯೆಂದು ತಿಳಿಯಿತು. "ರೀ, ನನ್ನ ತಮ್ಮ ಹೋದ್ರೆ ಆ ಪೆಟ್ಟಿಗೆ ಕೈಲೇ ನಿಮ್ಮ ತಲೆ ಬೋಳಿಸ್ಕೊಳ್ಳಿ. ಹೋಗ್ಬೇಡ ಅಂತ ಒಂದ್ಮಾತು ಹೇಳಕ್ಕೆ ನಿಮ್ಗೇನು ಕಷ್ಟ?"

ಕಷ್ಟವಿತ್ತು. ಕಿವಿಯನ್ನೇ ನೋಡಿಕೊಂಡು ಬದುಕಿದ ಮನುಷ್ಯನಿಗೆ ಮುಖ ನೋಡಿ ಮನಸ್ಸಿನ ಮಾತು ಹೇಳುವುದು ಅಭ್ಯಾಸವಿರಲಿಲ್ಲ. ಅಪ್ಪ ಹೋದ ಮೇಲೆ ಒಬ್ಬನೇ ಬಾಗಿಲು ತೆಗೆಯಲು ಹೆದರುತ್ತಿದ್ದಾಗ, ಬಂದು ಎರಡನೇ ಕುರ್ಚಿ ಹಾಕಿ ಬಾಯ್ತುಂಬ ಮಾತಾಡಿ ಆ ಅಂಗಡಿಗೆ ಜೀವ ತುಂಬಿದವನು ಈ ಹುಡುಗನೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಚಿಕ್ಕ ಕತ್ತರಿ ಬಂದು, ಒಂದು ಟವೆಲು ಹಾಸಿ ತನ್ನ ಕತ್ತರಿ ಬಾಚಣಿಗೆಗಳನ್ನು ಜೋಡಿಸತೊಡಗಿದ. ಬೆಂಚಿನಲ್ಲಿ ನೇರಳೆ ನೋಡಲು ಬಂದ ಡಾಕ್ಟರು, ಪಕ್ಕದಲ್ಲಿ ಬೋಳು ತುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಮೀಸೆ ಮಾಮ. ಹೋಗಬೇಡ ಎನ್ನುವ ಬದಲು ದೊಡ್ಡ ಕತ್ತರಿ ಪೆಟ್ಟಿಗೆಯ ಸದ್ದಿನ ತಿರುಗಣೆಯನ್ನು ಪೂರ್ತಿ ಇಳಿಸಿ, ಮೆಲ್ಲಗೆ ಏರಿಸುತ್ತಾ ಒಂದು ನಿಧಾನದ ಪಿಟೀಲು ಹಾಕಿದ. ನೇರಳೆ ಹತ್ತಿತು.

ಡೋಲು ನಿಂತು ಪಿಟೀಲೊಂದೇ ಸಣ್ಣಗಾಗುತ್ತಾ ಬಂದಾಗ, ಹಾಡಿನೊಳಗೆ ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು. ಕುರ್ಚಿಯೊಂದು ಕಿರ್ ಎಂದಿತು. ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ "ಶ್!" ಎಂದರು.

ಅಂಗಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರದು ನಕ್ಕಿದ್ದು?" ಮೀಸೆ ಮಾಮನ ಪೊಲೀಸು ದನಿ ಮರಳಿ ಬಂತು. "ಹಿಂದಕ್ಕೆ ಹಾಕಿ."

ಹಾಕಿದ. ಮತ್ತೆ ಲೋಟ, ಮತ್ತೆ ಕಿಸಕ್, ಮತ್ತೆ ಶ್.

"ಡೋಲಿನವನೇ," ಎಂದರು ಡಾಕ್ಟರು. "ಕೈ ಖಾಲಿ ಇರೋನು ಅವನೊಬ್ನೇ."

ಚಿಕ್ಕ ಕತ್ತರಿಗೆ ತಡೆಯಲಾಗಲಿಲ್ಲ. "ಡೋಲಿನವನು ಸರಿ ಸಾರ್, ಆದ್ರೆ ಯಾಕೆ ನಕ್ಕ? ಪಿಟೀಲಿನವರು ಇವನ ಮಾವ. ಬೇಕಾದ್ರೆ ಬರೆದುಕೊಡ್ತೀನಿ. ಬೆಳಿಗ್ಗೆ ಮನೇಲಿ ಏನೋ ನಡೆದಿದೆ. ಲೋಟ ಇಟ್ಟೋರು ಅತ್ತೆ. ಅತ್ತೆ ಸ್ಟುಡಿಯೋಗೆ ಯಾಕೆ ಬಂದ್ರು ಅಂತ ಕೇಳಿ..."

ಅತ್ತೆ ಸ್ಟುಡಿಯೋಗೆ ಬಂದ ಕಥೆ ನಡೆಯಿತು. ಮಾವನ ಕೋಟಿನ ಗುಂಡಿ ಕಿತ್ತುಹೋಗಿತ್ತು, ಅದನ್ನು ಹೊಲಿದ ದಾರದ ಬಣ್ಣ ಬೇರೆಯಾಗಿತ್ತು, ಅಳಿಯ ಅದನ್ನು ನೋಡಬಾರದ ಹೊತ್ತಿನಲ್ಲಿ ನೋಡಿದ. ಬೆಂಚಿನವರು ಕಣ್ಣೊರೆಸಿಕೊಂಡು ನಕ್ಕರು. ದೊಡ್ಡ ಕತ್ತರಿಯೂ ನಕ್ಕ. ಎಷ್ಟು ದಿನಗಳಾಗಿತ್ತು ನಕ್ಕು ಎಂದು ಅವನಿಗೇ ಆಶ್ಚರ್ಯವಾಯಿತು. ನಗು ಇಳಿದ ಮೇಲೆ ಚಿಕ್ಕ ಕತ್ತರಿ ಟವೆಲಿನ ಗಂಟು ಕಟ್ಟಲು ಬಗ್ಗಿದ. ದೊಡ್ಡ ಕತ್ತರಿ ಬೇಸಿನ್ನಿನ ಕಡೆ ತಿರುಗಿ, ನಲ್ಲಿಗೆ ಹೇಳುವವನಂತೆ ಗೊಣಗಿದ.

"ಹೋಗ್ಬೇಡ ಕಣೋ. ನೀನಿಲ್ದೆ ನನಗೆ ಆಗಲ್ಲ."

ಚಿಕ್ಕ ಕತ್ತರಿಯ ಕೈ ಗಂಟಿನ ಮೇಲೆ ನಿಂತಿತು. "ಏನಂದ್ರಿ ಭಾವ? ಸರಿಯಾಗಿ ಕೇಳಿಸ್ಲಿಲ್ಲ."

"ನನಗೆ ಕೇಳಿಸ್ತು," ಎಂದರು ಡಾಕ್ಟರು.

"ನನಗೂ," ಎಂದರು ಮೀಸೆ ಮಾಮ.

"ನೀವಿಬ್ರೂ ಸುಮ್ನಿರಿ. ಅವರು ಇನ್ನೊಂದ್ಸಲ ಹೇಳ್ಲಿ."

ದೊಡ್ಡ ಕತ್ತರಿ ಕೈ ಚಾಚಿ ಹಾಡು ನಿಲ್ಲಿಸಿದ. ಭಾವಮೈದುನನ ಕಡೆ ತಿರುಗಿ, ಈ ಸಲ ಮುಖವನ್ನೇ ನೋಡುತ್ತಾ, ಎದುರಂಗಡಿಯವನು ಏನಾಯಿತೆಂದು ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ ಅದೇ ಮಾತನ್ನು ಮತ್ತೆ ಹೇಳಿದ.