ಎರ್ರಿಸ್ವಾಮಿಯ ಕಣ್ಣು ಓದುವ ಜುಂಜಮ್ಮ

"ಪ ಸಾಲಾ, ಎರ್ರಣ್ಣ?"

ಮಂಚದ ಮೇಲಿನ ಮನುಷ್ಯನ ಎಡಗಣ್ಣು ಮೆಲ್ಲಗೆ ಮೇಲಕ್ಕೆ ಹೋಗುತ್ತದೆ. ಅಂದರೆ ಹೌದು. ಜುಂಜಮ್ಮ ಸೀರೆ ಡಬ್ಬದ ರಟ್ಟಿನ ಮೇಲೆ ಸಾಲುಸಾಲಾಗಿ ಬರೆದ ಅಕ್ಷರಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಕೂಗುತ್ತಾರೆ. ಬ. ಆಮೇಲೆ ನ. "ಬೆನ್ನಾ?" ಕಣ್ಣು ಮತ್ತೆ ಮೇಲೆ. ಬೆನ್ನು ನೋಯುತ್ತಿದೆ, ಮಗ್ಗುಲು ಬದಲಿಸಬೇಕು. ಇಷ್ಟು ತಿಳಿಯಲು ಹದಿನಾಲ್ಕು ನಿಮಿಷ ಹಿಡಿಯಿತು.

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಏಳೂವರೆಗೆ ಜುಂಜಮ್ಮ ಬೇರೆಯವರ ಮನೆಗೆ ನೂಲು ಸುತ್ತಲು ಹೋಗಬೇಕು. ಬಿಸಿಲೇರಿದರೆ ಎರ್ರಿಸ್ವಾಮಿಯ ರೆಪ್ಪೆಯೂ ಏಳುವುದಿಲ್ಲ. ಹಾಗಾಗಿ ಮಾತೇನಿದ್ದರೂ ಈ ಹೊತ್ತಿನಲ್ಲೇ.

ಇಲ್ಲಿನ ರೇಷ್ಮೆ ಸೀರೆಯ ಅಂಚಿಗೆ ಬೇರೆಯದೇ ಲಾಳಿ. ಅದನ್ನು ಎಸೆಯಲು ನೇಕಾರನ ಪಕ್ಕ ಇನ್ನೊಬ್ಬರು ಕೂರಬೇಕು. ಹತ್ತೊಂಬತ್ತು ವರ್ಷ ಎರ್ರಿಸ್ವಾಮಿಯ ಪಕ್ಕ ಕೂತವರು ಈ ಜುಂಜಮ್ಮ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದು; ಅವರು ಕಣ್ಣೆತ್ತಿದರೆ ಇವರು ಲಾಳಿ ಎಸೆಯಬೇಕು. 2003ರಲ್ಲಿ ಮಿದುಳಿಗೆ ಪಾರ್ಶ್ವವಾಯು ಬಡಿದು ಎರ್ರಿಸ್ವಾಮಿ ಮಗ್ಗದಲ್ಲೇ ಕುಸಿದರು. ಕೈಕಾಲು, ಮಾತು ಎಲ್ಲ ನಿಂತವು. ಉಸಿರೊಂದಿದೆ, ಅರಿವಿಲ್ಲ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಏಳು ತಿಂಗಳು ಹಾಗೇ ಕಳೆಯಿತು.

"ಒಂದಿನ ನೋಡೋಕೆ ಬಂದಿದ್ದೆ. ಪಕ್ಕದ ಮನೆ ಮಗ್ಗ ನಡೀತಿತ್ತು. ಅಂಚಿನ ಲಾಳಿ ಎಸೆಯೋ ಹೊತ್ತಿಗೆ ಸರಿಯಾಗಿ ಇವ್ರು ಕಣ್ಣೆತ್ತಿದ್ರು. ನನ್ ಕೈ ತಾನಾಗೇ ಮುಂದೆ ಹೋಯ್ತು," ಎನ್ನುತ್ತಾರೆ ಜುಂಜಮ್ಮ. ನಾಲ್ಕನೇ ಕ್ಲಾಸು ಓದಿದ ಅವರೇ ರಟ್ಟಿನ ಮೇಲೆ ಅಕ್ಷರ ಬರೆದರು.

ಎರ್ರಿಸ್ವಾಮಿ ಮೊದಲು ಹೇಳಿದ್ದು: ಎಲ್ಲಾ ಕೇಳಿಸ್ತಿತ್ತು. ಅವರೆದುರೇ ಅವರ ಸಾವಿನ ಮಾತಾಡಿದ್ದ ಹೆಂಡತಿ ಕೆಂಚಕ್ಕ ಎರಡು ದಿನ ಆ ಕೋಣೆಗೆ ಕಾಲಿಡಲಿಲ್ಲ.

ಮೊದಮೊದಲು ದಿನಕ್ಕೆ ಹತ್ತು ಹನ್ನೆರಡು ಪದ ಆಗುತ್ತಿದ್ದವು. ಎರಡು ತಿಂಗಳಿಂದ ಬಲಗಣ್ಣು ನಿಂತಿದೆ. ಎಡಗಣ್ಣೂ ಸೋಲುತ್ತಿದೆ. ಈಗ ದಿನಕ್ಕೆ ಎರಡು ಪದ ಬಂದರೆ ಹೆಚ್ಚು.

ಇದೇ ವರ್ಷ, ಎರಡು ಸಾವಿರದ ಆರರಲ್ಲಿ, ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಅಮೆರಿಕದಲ್ಲಿ ಕೈಕಾಲು ಆಡದ ಒಬ್ಬನ ಮಿದುಳಿಗೆ ತಂತಿ ಜೋಡಿಸಿದ್ದಾರೆ, ಅವನು ಮನಸ್ಸಿನಲ್ಲಿ ನೆನೆದರೆ ಸಾಕು, ಕಂಪ್ಯೂಟರ್ ನಡೆಯುತ್ತದೆ. ಜುಂಜಮ್ಮ ಅದನ್ನು ಎರ್ರಿಸ್ವಾಮಿಗೆ ಓದಿ ಹೇಳಿದರು. ಮಾರನೆಯ ದಿನ ಆ ಪತ್ರಿಕೆಯ ತುಂಡು ಹಿಡಿದು ಚಳ್ಳಕೆರೆ ಬಸ್ಸು ಹತ್ತಿದರು. ಅಲ್ಲಿನ ಡಾಕ್ಟರು ಸಮಾಧಾನವಾಗಿಯೇ ಹೇಳಿದರಂತೆ, ಅದಿನ್ನೂ ಪರೀಕ್ಷೆಯಲ್ಲಿದೆ, ನಮ್ಮ ಕಡೆ ಬರುವ ಮಾತು ಈಗಿಲ್ಲ ಎಂದು.

"ಕಣ್ಣು ನಿಂತೋದ್ರೂ ಅದು ನಡೀತೈತಾ ಸಾರ್ ಅಂದೆ. ಹೂಂ, ಅದಕ್ಕೆ ಕಣ್ಣು ಬೇಕಿಲ್ಲ ಅಂದ್ರು. ಇಲ್ಲ ಅಂದಿದ್ರೆ ಚೆನ್ನಾಗಿತ್ತು," ಎನ್ನುತ್ತಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಊರಿಗೆ ಮರಳಿದಾಗ ಎರ್ರಿಸ್ವಾಮಿ ಕಣ್ಣಲ್ಲಿ ಕೇಳಿದ್ದು ಒಂದೇ ಪದ: ಯಾವಾಗ. ಜುಂಜಮ್ಮ, "ಬರ್ತೈತೆ, ಇನ್ ಸ್ವಲ್ಪ ದಿನ" ಎಂದುಬಿಟ್ಟರು. ಅಂದಿನಿಂದ ದಿನದ ಎರಡು ಪದಗಳಲ್ಲಿ ಒಂದು ಅದಕ್ಕೇ ಹೋಗುತ್ತಿದೆ. ಇವರ ಬಗ್ಗೆ ಬರೆಯಲು ನಾನು ಹೋಗಿದ್ದ ದಿನವೂ 'ಬೆನ್ನು' ಆದ ಮೇಲೆ ಬಂದದ್ದು ಅದೇ. ಜುಂಜಮ್ಮ ಅದೇ ಸುಳ್ಳು ಹೇಳಿದರು. ನಾನು ಗೋಡೆ ನೋಡುತ್ತ ನಿಂತೆ. ನಾಚಿಕೆಯಾಯಿತು.

ಹೊರಗೆ ಬಂದ ಮೇಲೆ ಕೇಳಿದೆ: ಆ ಕಣ್ಣೂ ನಿಂತರೆ?

"ಆಗ್ಲೂ ಬರ್ತೀನ್ ರೀ. ಬಂದು ಸಾಲು ಕೂಗ್ತೀನಿ. ಉತ್ರ ಬರಲ್ಲ, ಗೊತ್ತು. ಏಳು ತಿಂಗ್ಳು ಯಾರೂ ಕೇಳ್ದೆ ಮಲಗಿದ್ದ ಮನುಷ್ಯ ಅದು. ಇನ್ನೊಂದ್ಸಲ ಹಂಗೆ ಆಗ್ಬಾರ್ದು."